ಹಲಗೆ ಗೋಡೆ, ಆರು ಮಷೀನು

ನಮ್ಮ ಮನೆಯನ್ನು ಅಪ್ಪ ಉದ್ದಕ್ಕೆ ಸೀಳಿದ್ದರು. ಲಿಂಗಸುಗೂರಿನಲ್ಲಿ ಬಾಡಿಗೆಗೆ ಹಿಡಿದ ಒಂದೇ ಒಂದು ಉದ್ದನೆಯ ಪಡಸಾಲೆ ಅದು. ಬೀದಿ ಬಾಗಿಲಿನಿಂದ ಹಿತ್ತಲ ಗೋಡೆಯವರೆಗೆ ನಡುವೆ ಹಲಗೆಯ ಅಡ್ಡಗೋಡೆ ಹಾಕಿಸಿ, ಬಲಗಡೆಯ ಅರ್ಧ ಟೈಪಿಂಗ್ ಕ್ಲಾಸಿಗೆ, ಎಡಗಡೆಯ ಅರ್ಧ ಸಂಸಾರಕ್ಕೆ ಎಂದು ಮಾಡಿದ್ದರು. ಕ್ಲಾಸಿನಲ್ಲಿ ಆರು ಮಷೀನು ಸಾಲಾಗಿ ಕೂತಿದ್ದವು. ಬೀದಿ ಬಾಗಿಲ ಹತ್ತಿರದ್ದು ಒಂದನೆಯದು, ಹಿತ್ತಲ ಕಡೆಯದು ಆರನೆಯದು. ಪ್ರತಿಯೊಂದರ ನೆತ್ತಿಯ ಮೇಲೆ ಅಪ್ಪ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದರು. ಸಂಸಾರದ ಅರ್ಧದಲ್ಲಿ ಬೀದಿ ಕಡೆ ಹಾಸಿಗೆ ಮತ್ತು ಟ್ರಂಕು, ನಡುವೆ ದೇವರ ಜಗಲಿ, ಹಿತ್ತಲ ಕಡೆ ಒಲೆ. ಅಂದರೆ ಆರನೆಯ ಮಷೀನೂ ಅವ್ವನ ಒಲೆಯೂ ಹಲಗೆಯ ಆಚೆ ಈಚೆ ಇದ್ದವು. ಮನೆಯ ಈ ನಕಾಶೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು.

ಬೆಳಿಗ್ಗೆ ಆರಕ್ಕೆ ಮೊದಲ ತಂಡ ಬರುತ್ತಿತ್ತು. ಗೋಡೆಯ ಮೇಲೆ ಗಡಿಯಾರವಿದ್ದರೂ ನಾವು ಅದನ್ನು ನೋಡುತ್ತಿರಲಿಲ್ಲ. ಹಲಗೆಯ ಆಚೆ ಮೊದಲ ಕೀಲಿ ಬಿದ್ದರೆ ನನ್ನ ಹಾಸಿಗೆ ಮಡಚಿರಬೇಕು, ಎರಡನೆಯ ಪಾಠಕ್ಕೆ ಹೋಗುವ ಹೊತ್ತಿಗೆ ನಾನು ಕೊಡ ಹಿಡಿದು ನಳದ ಸಾಲಿನಲ್ಲಿ ನಿಂತಿರಬೇಕು. ಹೊಸಬರ ಸದ್ದು ಒಂದೊಂದಾಗಿ ಬೀಳುತ್ತಿತ್ತು, ಅಂಗಳದಲ್ಲಿ ಶೇಂಗಾ ಸುಲಿದು ಬುಟ್ಟಿಗೆ ಎಸೆದ ಹಾಗೆ. ಪಳಗಿದವರದು ಒಂದೇ ಸುರಿತ. ಸಾಲು ಮುಗಿಯುವ ಮುಂಚೆ ಒಂದು ಸಣ್ಣ ಗಂಟೆ, ಆಮೇಲೆ ಮೇಲಿನ ಗಾಡಿಯನ್ನು ಎಳೆದು ಹಿಂದಕ್ಕೆ ತಳ್ಳುವ ಕರ್ರೆಂಬ ಶಬ್ದ. ನಾಲ್ಕನೆಯದು ಕನ್ನಡದ ಮಷೀನು. ಅದರಲ್ಲಿ ಒತ್ತಕ್ಷರ ಹೊಡೆದರೆ ಗಾಡಿ ಮುಂದೆ ಸರಿಯುತ್ತಿರಲಿಲ್ಲ; ಎರಡು ಪೆಟ್ಟಿಗೆ ಒಂದೇ ಹೆಜ್ಜೆ. ಹಾಗಾಗಿ ಕನ್ನಡದ ಸದ್ದು ತುಸು ಕುಂಟುತ್ತ, ನಿಂತು ನಿಂತು ಬರುತ್ತಿತ್ತು. ನನಗೆ ಅದೇ ಹೆಚ್ಚು ಇಷ್ಟ. ಇವತ್ತಿಗೂ ‘ಅಮ್ಮ’ ಎಂದು ಬರೆಯುವಾಗ ಆ ನಿಲುಗಡೆ ನನ್ನ ಬೆರಳಿಗೆ ಬರುತ್ತದೆ.

ಎಂಟನೆಯ ವಯಸ್ಸಿಗೆ ಅಪ್ಪ ನನ್ನನ್ನೂ ಮಷೀನಿನ ಮುಂದೆ ಕೂಡಿಸಿದರು. ನನ್ನ ಎರಡೂ ಕೈಗಳ ಮೇಲೆ ಟವೆಲ್ಲು ಹೊದಿಸಿ ಕೀಲಿಗಳನ್ನು ಮರೆ ಮಾಡುತ್ತಿದ್ದರು. ಕೀಲಿ ನೋಡಬಾರದು. ಕೀಲಿ ಅರ್ಧ ಇಳಿಯುವವರೆಗೆ ಬೆರಳಿಗೆ ಎದುರಾಡುತ್ತದೆ, ಆಮೇಲೆ ತಾನೇ ಸೋತು ಕೆಳಗೆ ಹೋಗುತ್ತದೆ, ಆ ಸೋಲುವ ಜಾಗವನ್ನು ಬೆರಳು ಗುರುತಿಸಬೇಕು ಎನ್ನುತ್ತಿದ್ದರು. ಮನೆಯ ಉಳಿದ ಕಾಯಿದೆಗಳೂ ಹಾಗೆಯೇ. ಚಪ್ಪಲಿ ಜೋಡಿ ಬೀದಿಯ ಕಡೆ ಮುಖ ಮಾಡಿರಬೇಕು. ಟವೆಲ್ಲು ನಾಲ್ಕು ಮಡಿಕೆ. ತಾಟಿನಲ್ಲಿ ಪಲ್ಯ ಬಲಗಡೆ, ಶೇಂಗಾಹಿಂಡಿ ಎಡಗಡೆ, ರೊಟ್ಟಿ ನಡುವೆ. ಅವ್ವ ಮಾತ್ರ ಈ ಕಾಯಿದೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ. ಅಂಕಿಗಳ ಗುರುತೂ ಇರಲಿಲ್ಲ. ಪಲ್ಯವನ್ನು ಬೇಕೆಂದೇ ಎಡಗಡೆ ಬಡಿಸಿ ಅಪ್ಪನ ಮುಖ ನೋಡುವಳು.

"ಪಲ್ಯ ಎಲ್ಲಿದ್ರೇನ್ರಿ, ಹೊಟ್ಟ್ಯಾಗ ಹೋಗಿ ಸಾಲಾಗಿ ಕೂಡ್ತೈತೇನು?"

"ಶಿಸ್ತು ಅಂಬೋದು ಒಂದು ಇರತೈತಿ, ನೀಲವ್ವ."

"ನಿಮ್ಮ ಶಿಸ್ತು ಹಲಗಿ ಆ ಕಡಿ ಇರ್ಲಿ. ಈ ಕಡಿ ನನ್ನ ರಾಜ್ಯ."

ಅಪ್ಪ ನಗುತ್ತಿದ್ದರು. ಆ ಕಾಲದಲ್ಲಿ ಅವರು ನಗುತ್ತಿದ್ದರು ಎಂಬುದನ್ನು ದಾಖಲಿಸುವುದು ನನ್ನ ಕರ್ತವ್ಯ. ನೋಡಿದವರಲ್ಲಿ ಉಳಿದಿರುವುದು ನಾನೊಬ್ಬಳೇ.

ಊರಿನಲ್ಲಿ ಅಪ್ಪನಿಗೆ ಬೆನ್ನು ಮಾಸ್ತರ ಎಂದು ಹೆಸರು. ಅವರು ಹುಡುಗರಿಗೆ ಬೆನ್ನು ಕೊಟ್ಟು, ಹಲಗೆ ಗೋಡೆಯ ಕಡೆ ಮುಖ ಮಾಡಿ ನಿಂತು ಕಲಿಸುತ್ತಿದ್ದರು. ನೀವು ಕೀಲಿ ನೋಡುವ ಹಾಗಿಲ್ಲ, ನಾನು ನಿಮ್ಮನ್ನು ನೋಡುವುದಿಲ್ಲ ಎಂಬುದು ಅವರ ಒಪ್ಪಂದ. ಆರು ಮಷೀನು ಒಟ್ಟಿಗೆ ಕುಟ್ಟುತ್ತಿರುವಾಗ ಗೋಡೆ ನೋಡುತ್ತಲೇ "ಮೂರನೇ ಮಷೀನ್, ಉಂಗುರದ ಬೆರಳು ಸೋತೈತಿ" ಎನ್ನುವರು. ಹೇಳಿದ್ದು ತಪ್ಪುತ್ತಿರಲಿಲ್ಲ. ಇದನ್ನು ನೋಡುವುದಕ್ಕೆಂದೇ ಮಸ್ಕಿಯಿಂದ, ಸಿಂಧನೂರಿನಿಂದ ಜನ ಬಂದು ಬಾಗಿಲಲ್ಲಿ ನಿಂತದ್ದುಂಟು. ಅಪ್ಪನನ್ನು ನೋಡಿ ಎಷ್ಟೋ ಹುಡುಗರು ಸೇರಿಕೊಂಡರು. ನಮ್ಮ ರೊಟ್ಟಿ ಬರುತ್ತಿದ್ದದ್ದು ಆ ಬೆನ್ನಿನಿಂದ.

ನನಗೆ ಹತ್ತು ವರ್ಷವಿದ್ದಾಗ ಅವ್ವ ಒಂದು ಮಧ್ಯಾಹ್ನ ನನ್ನನ್ನು ಒಲೆಯ ಹತ್ತಿರ ಕೂಡಿಸಿಕೊಂಡು, ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಹಿಡಿದು ಹೇಳಿದಳು.

"ನಿಮ್ಮಪ್ಪನ ಕಿವಿ ಹೋಗ್ಯಾವ ಬೇ. ಆಗಲೇ ವರ್ಷ ಆತು. ಎದುರಿಗಿದ್ದು ಮಾತಾಡಿದ್ರ ಬಾಯಿ ನೋಡಿ ತಿಳಕೋತಾರ, ಅಷ್ಟ. ಹೊರಗ ಬಾಯಿ ಬಿಟ್ಟಿ ಅಂದ್ರ ನೋಡು, ಆರೂ ಮಷೀನು ಗುಜರಿಗೆ ಹೋಗ್ತಾವ. ನಾವು ದಢೇಸುಗೂರಿಗೆ ಹೋಗಿ ನಿಮ್ಮ ಮಾವನ ಗದ್ಯಾಗ ನಾಟಿ ಹಚ್ಚಬೇಕಾಗ್ತೈತಿ."

"ಮತ್ತ ತಪ್ಪು ಹ್ಯಾಂಗ ಹಿಡೀತಾರ?"

"ನಾ ಹಿಡೀತೀನಿ."

ಹತ್ತು ವರ್ಷ ಹಲಗೆಯ ಈಚೆ ರೊಟ್ಟಿ ಬಡಿದು ಅವ್ವನಿಗೆ ಆರೂ ಮಷೀನುಗಳ ದನಿ ಗೊತ್ತಾಗಿತ್ತು. ಅಕ್ಷರ ಬಾರದವಳಿಗೆ ಅಕ್ಷರದ ತಪ್ಪು ಕೇಳುತ್ತಿತ್ತು. ಅಕ್ಷರದ ಎರಡು ಕಡ್ಡಿ ಒಟ್ಟಿಗೆ ಎದ್ದು ಸಿಕ್ಕಿಬಿದ್ದರೆ ಒಂದು ಮೊಂಡು ಸದ್ದು, ಹುಡುಗ ಕದ್ದು ಕೀಲಿ ನೋಡಿದರೆ ನಡುವೆ ಒಂದು ಖಾಲಿ. ಆಗ ಅವ್ವ ಅಂಬಲಿ ತಿರುವುವ ಕಟ್ಟಿಗೆಯ ಹುಟ್ಟಿನ ಹಿಡಿಯಿಂದ ಹಲಗೆಯನ್ನು ಎಣಿಸಿ ತಟ್ಟುವಳು. ಆಚೆ ಹಲಗೆಗೆ ಅಂಗೈ ಊರಿ ನಿಂತ ಅಪ್ಪನಿಗೆ ಅದು ತಿಳಿಯುತ್ತಿತ್ತು. ಬೆರಳು ಯಾವುದೆಂಬುದನ್ನು ಅವರೇ ಊಹಿಸುತ್ತಿದ್ದರು. ಎಲ್ಲರಿಗೂ ಸೋಲುವುದು ಉಂಗುರದ ಬೆರಳು, ಇಲ್ಲವೇ ಕಿರುಬೆರಳು. ಹುಡುಗರು ಆ ತಟ್ಟುವಿಕೆಯನ್ನು ರೊಟ್ಟಿ ಬಡಿಯುವ ಸದ್ದೆಂದು ತಿಳಿದಿದ್ದರು. ನಾನು ಆ ಹೊತ್ತಿಗೆ ನಳದ ಸಾಲಿನಲ್ಲಿ, ಆಮೇಲೆ ಶಾಲೆಯಲ್ಲಿ ಇರುತ್ತಿದ್ದೆನಾದ್ದರಿಂದ ಈ ಕೆಲಸ ನಡೆಯುವುದನ್ನು ಎಂದೂ ಕಂಡಿರಲಿಲ್ಲ. ಗುಟ್ಟು ಮಾತ್ರ ಕಾಪಾಡಿದೆ.

ಮರುವರ್ಷದ ಚಳಿಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಅಪ್ಪನಿಗೆ ತಿಳಿಯಬಾರದೆಂದು ಎದ್ದು ಚಹಾ ಮಾಡಿಕೊಟ್ಟಳು. ಅವರು ಆಚೆ ಹೋದದ್ದೇ ಹಾಸಿಗೆಗೆ ಬಿದ್ದು ನನ್ನನ್ನು ಕರೆದಳು.

"ಇವತ್ತು ನೀ ಕೂಡು. ಎಡವಿದ್ದು ಯಾವುದು ಅಂತ ಕೇಳು. ಎಣಿಸು. ಎಷ್ಟನೇದೋ ಅಷ್ಟು ಸಲ ತಟ್ಟು."

"ತಪ್ಪು ಇಲ್ಲಂದ್ರ?"

"ಸುಮ್ನ ಕೂಡು. ತಟ್ಟಲಿಲ್ಲಂದ್ರ ಎಲ್ಲಾ ಬರೋಬ್ಬರಿ ಐತಿ ಅಂತ ತಿಳಕೋತಾರ. ಅಪ್ಪಗ ಹೇಳಬ್ಯಾಡ ಮತ್ತ, ಎದಿ ಒಡಕೋತಾರ."

ನಾನು ಎಷ್ಟು ಹೆಮ್ಮೆಯಿಂದ ಒಲೆಯ ಮುಂದಿನ ಅವ್ವನ ಮಣೆಯ ಮೇಲೆ ಕೂತೆ ಎಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಬೆನ್ನು ನೆಟ್ಟಗೆ, ಹುಟ್ಟು ಬಲಗೈಯಲ್ಲಿ. ಒಂದನೆಯದರ ದನಿ ದೂರ, ಆರನೆಯದು ಕಿವಿಯ ಬುಡದಲ್ಲಿ. ಮೊದಲ ಅರ್ಧ ಗಂಟೆ ಯಾರೂ ಎಡವಲಿಲ್ಲ. ಇಂಥ ದಿನವೇ ಇಲಾಖೆಯ ಸಾಹೇಬರು ಬಂದರು. ವರ್ಷಕ್ಕೊಮ್ಮೆ ಕ್ಲಾಸು ಹೇಗೆ ನಡೆಯುತ್ತಿದೆ ಎಂದು ನೋಡಿ ಬರೆದುಕೊಂಡು ಹೋಗುವವರು ಅವರು. ಅವರು ಬರೆದದ್ದರ ಮೇಲೆ ನಮ್ಮ ಪರವಾನಗಿ. ಅವರು ಬಾಗಿಲಲ್ಲಿ ಕಾಣುತ್ತಲೇ ಹುಡುಗರು ಏಳಹೋದರಂತೆ, ಸಾಹೇಬರು ತುಟಿಯ ಮೇಲೆ ಬೆರಳಿಟ್ಟು, ನಡೆಯಲಿ ಎಂದು ಸನ್ನೆ ಮಾಡಿದರಂತೆ. ಐದನೆಯ ಮಷೀನಿನವನು ತನ್ನ ಕುರ್ಚಿ ಬಿಟ್ಟುಕೊಟ್ಟು ಬದಿಗೆ ನಿಂತನಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಕೇಳಿದ್ದು ಐದನೆಯದು ನಿಂತುಹೋದದ್ದು ಮಾತ್ರ. ಹಾಳೆ ಬದಲಿಸುತ್ತಿದ್ದಾನೆ ಎಂದುಕೊಂಡೆ. ಅಷ್ಟರಲ್ಲಿ ಎರಡನೆಯದರಲ್ಲಿ ಕಡ್ಡಿಗಳು ಸಿಕ್ಕಿಬಿದ್ದವು. ಎರಡನೆಯದು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಬಾಗಿಲ ಕಡೆಯಿಂದ ಎರಡನೆಯದು, ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಎರಡು ಎಂದು ಬರೆದದ್ದು. ನಾನು ಎರಡು ಸಲ ತಟ್ಟಿದೆ.

"ಐದನೇ ಮಷೀನ್!" ಅಪ್ಪನ ದನಿ ಹಲಗೆಯ ಮೂಲಕ ಬಂತು. "ಕಿರುಬೆರಳು ಮನ್ಯಾಗ ಬಿಟ್ಟು ಬಂದೀಯೇನಲೇ? ಎತ್ತಿ ಹೊಡಿ!"

ಯಾರೋ ಕಿಸಕ್ಕನೆ ನಕ್ಕರು. ನಾನು ಹಲಗೆಯ ಸಂದಿಗೆ ಕಣ್ಣಿಟ್ಟೆ. ಐದನೆಯ ಮಷೀನಿನ ಮುಂದೆ ಕೋಟು ಹಾಕಿದ ದೊಡ್ಡ ಮನುಷ್ಯರೊಬ್ಬರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೈ ಕಟ್ಟಿ ಕೂತಿದ್ದರು.

"ನನಗ ಅಂದ್ರೇನ್ರಿ ಮಾಸ್ತರ?" ಅವರೂ ನಗುತ್ತಿದ್ದರು. ಅಪ್ಪ ತಿರುಗಲಿಲ್ಲ. "ಮಾಸ್ತರ?" ಈಗ ನಗು ಇರಲಿಲ್ಲ. ಮಷೀನುಗಳು ಒಂದೊಂದಾಗಿ ನಿಂತವು. ಒಂದನೆಯದು, ಎರಡು, ಮೂರು, ಕನ್ನಡದ್ದು. ಕೊನೆಗೆ ಆರನೆಯದು ಒಂದು ಗಂಟೆ ಬಾರಿಸಿ ನಿಂತಿತು. "ಮಾಸ್ತರ!" ಎಂದು ಸಾಹೇಬರು ಕೂಗಿಯೇ ಬಿಟ್ಟರು. ನನ್ನ ಕೈಯಲ್ಲಿ ಹುಟ್ಟು ಇತ್ತು. ಏನು ತಟ್ಟಲಿ? ಒಂದರಿಂದ ಆರರವರೆಗೆ ತಟ್ಟಬಹುದಿತ್ತು. ಆರೂ ನಿಂತಿವೆ, ಎಲ್ಲರೂ ನಿಮ್ಮ ಬೆನ್ನನ್ನೇ ನೋಡುತ್ತಿದ್ದಾರೆ ಎಂಬುದಕ್ಕೆ ನಮ್ಮಲ್ಲಿ ಎಣಿಕೆ ಇರಲಿಲ್ಲ. ನಾನು ಸುಮ್ಮನೆ ಕೂತೆ. ಅಪ್ಪ ಅಂಗೈ ಹಲಗೆಗೆ ಊರಿಕೊಂಡು ಸ್ವಲ್ಪ ಹೊತ್ತು ಕಾದರು. ತಟ್ಟು ಬರಲಿಲ್ಲ. ತಲೆಯಾಡಿಸಿದರು. ಪಿನ್ನು ಬಿದ್ದರೂ ಕೇಳುವಂತಿದ್ದ ಆ ಕೋಣೆಯಲ್ಲಿ ತೃಪ್ತಿಯಿಂದ ಹೇಳಿದರು:

"ಹಾಂ, ಈಗ ಬರೋಬ್ಬರಿ ಆತು ನೋಡ್ರಿ. ಆರೂ ಒಂದೇ ತಾಳಕ್ಕ ಬಿದ್ದಾವ. ಹಿಂಗ ನಡೀಲಿ."

ಸಾಹೇಬರು ಎದ್ದುಹೋಗಿ ಅಪ್ಪನ ಹೆಗಲು ಮುಟ್ಟಿದರು. ಬೈಯಲಿಲ್ಲ. ಎರಡು ಕೈಗಳಿಂದ ಅಪ್ಪನ ಕೈ ಹಿಡಿದು, ಫೈಲು ತೆರೆಯದೆಯೇ ಹೊರಟುಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅವ್ವನನ್ನು ಕೇಳಿದರು. ದನಿ ಎತ್ತಲಿಲ್ಲ.

"ಐದನೇದಕ್ಕ ಯಾಕ ತಟ್ಟಿದಿ, ನೀಲವ್ವ?"

ಅವ್ವ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. "ಜ್ವರ ಬಂದಿತ್ತು ನನಗ. ಲೆಕ್ಕ ತಪ್ಪಿತು. ಉಣ್ಣರಿ."

ಅವ್ವ ನನ್ನ ತಪ್ಪನ್ನು ಮೈಮೇಲೆ ಎಳೆದುಕೊಂಡಳು ಎಂದು ನನಗೆ ಅನಿಸಲಿಲ್ಲ. ನನ್ನದು ತಪ್ಪೇ ಅಲ್ಲ ಎಂದು ನನಗೆ ಖಾತ್ರಿಯಿತ್ತು. ನಾನು ಅಪ್ಪನ ಎದುರಿಗೆ ಹೋಗಿ, ಅವರು ಬಾಯಿ ನೋಡಲು ಅನುಕೂಲವಾಗುವಂತೆ ನಿಂತು, ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ.

"ಅವ್ವ ಅಲ್ಲ, ನಾ ತಟ್ಟಿದ್ದು. ಎರಡನೇ ಮಷೀನ್ ಎಡವಿತ್ತು, ಎಣಿಸಿ ಅದಕ್ಕ ತಟ್ಟೀನಿ. ನಂದು ಸರಿ ಐತಿ. ತಪ್ಪು ನಿಮ್ಮದು."

ಅಪ್ಪ ಅವ್ವನ ಕಡೆ ನೋಡಿದರು. ಅವ್ವನ ಬಾಯಿ ಅರ್ಧ ತೆರೆಯಿತು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡಳು. ಅಪ್ಪ ತಮ್ಮ ಎಡಗೈಯ ಅಂಗೈಯನ್ನು ತಿರುಗಿಸಿ ಬಹಳ ಹೊತ್ತು ನೋಡಿದರು. "ಕೈನೂ ಹೋತು ಹಂಗಾರ" ಎಂದರು. ತಾಟಿನಲ್ಲಿ ಪಲ್ಯ ಎಡಗಡೆ ಇತ್ತು. ಅವರು ಅದನ್ನು ಸರಿಸಲಿಲ್ಲ.

ಮರುದಿನದಿಂದ ಅಪ್ಪ ಹಲಗೆಗೆ ಕೈ ಊರಲಿಲ್ಲ. ಹುಡುಗರ ಕಡೆ ಮುಖ ಮಾಡಿ ಕುರ್ಚಿಯ ಮೇಲೆ ಕೂತರು. ಅವ್ವನ ಜ್ವರ ಇಳಿದ ಮೇಲೆ ಆಕೆ ಎಂದಿನಂತೆ ತಟ್ಟಿದಳು. ದಿನವೂ ತಟ್ಟಿದಳು, ಒಮ್ಮೊಮ್ಮೆ ಹುಟ್ಟು ಮುರಿಯುವ ಹಾಗೆ ತಟ್ಟಿದಳು. ಆಚೆ ಹಿಡಿಯುವ ಕೈ ಇರಲಿಲ್ಲ. ಬೆನ್ನು ಮಾಸ್ತರ ಮುಖ ತಿರುಗಿಸಿದ್ದಾರೆ ಎಂಬ ಮಾತು ಊರಲ್ಲಿ ಹರಡಿತು. ಬೇಸಗೆಯ ಹೊತ್ತಿಗೆ ಮೂರು ಮಷೀನು ಕುಟ್ಟುತ್ತಿದ್ದವು, ಮಳೆಗಾಲಕ್ಕೆ ಒಂದು, ಆಮೇಲೆ ಯಾವುದೂ ಇಲ್ಲ. ಮಸ್ಕಿಯ ಗುಜರಿಯವನು ಟೆಂಪೋ ತಂದು ಆರನ್ನೂ ಒಂದರ ಮೇಲೊಂದು ಹೇರಿದ. ಹೇರುವಾಗ ನಾಲ್ಕನೆಯದರ ಗಂಟೆ ತಾನೇ ಒಮ್ಮೆ ಬಾರಿಸಿತು. ಅಪ್ಪ ಬಾಗಿಲಲ್ಲೇ ಇದ್ದರು, ಅವರಿಗೆ ಕೇಳಲಿಲ್ಲ. ನಾವು ದಢೇಸುಗೂರಿಗೆ ಹೋದೆವು. ಅವ್ವ ಹೇಳಿದ್ದಂತೆಯೇ ಮಾವನ ಗದ್ದೆಯಲ್ಲಿ ನಾಟಿ ಹಚ್ಚಿದೆವು. ಅಪ್ಪ ಕಾಲುವೆಯ ನೀರು ತಿರುಗಿಸುವ ಕೆಲಸ ಮಾಡುತ್ತಿದ್ದರು. ಸಂಜೆ ಒಡ್ಡಿನ ಮೇಲೆ ಕೂತು ಕೆಸರು ಒಣಗಿದ ಬೆರಳುಗಳಿಂದ ಮೊಣಕಾಲಿನ ಮೇಲೆ ಏನೋ ಒತ್ತುತ್ತಿದ್ದರು. ಸದ್ದಿಲ್ಲದ ಟೈಪಿಂಗು. ನಾನು ಆ ಬೆರಳುಗಳನ್ನು ಓದಬಲ್ಲವಳಾಗಿದ್ದೆ. ಅದು ಮೊದಲ ಪಾಠ, ಅದೊಂದೇ, ಮತ್ತೆ ಮತ್ತೆ. ತಾವು ಕೊನೆಗೆ ನಂಬಿದ ಆ ಅಂಗೈಯೂ ಕೈಕೊಟ್ಟಿತೆಂದೇ ತಿಳಿದು ಅವರು ಅಲ್ಲಿಯೇ ತೀರಿಕೊಂಡರು.

ನಾನು ಸಿಂಧನೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆದೆ. ಬೇಗ, ಶುದ್ಧ, ಕೀಲಿ ನೋಡದೆ. ನನ್ನ ಹಾಳೆಯಲ್ಲಿ ತಪ್ಪು ಹುಡುಕಿದವರಿಗೆ ನಾನು ಮೂಲ ಪ್ರತಿ ತೋರಿಸಿ ಬಾಯಿ ಮುಚ್ಚಿಸುತ್ತಿದ್ದೆ. ನಂದು ಸರಿ ಐತಿ ಎಂಬುದು ನನ್ನ ಬೆನ್ನುಮೂಳೆಯಾಗಿತ್ತು. ಗಂಡ, ಮಕ್ಕಳು, ಕಚೇರಿಯ ಜವಾನರು, ಎಲ್ಲರೂ ಅದನ್ನು ಅನುಭವಿಸಿದರು. ಅವ್ವ ಕೊನೆಯ ವರ್ಷಗಳಲ್ಲಿ ನನ್ನ ಹತ್ತಿರವೇ ಇದ್ದಳು. ಒಂದು ದಿನ ಮಂಚದ ಮೇಲಿಂದಲೇ ನನಗೆ ಸಾರಿನ ಪುಡಿ ಎಲ್ಲಿದೆ ಎಂದು ಹೇಳುತ್ತಿದ್ದಳು.

"ಮಾಡದಾಗ ಎರಡನೇ ಡಬ್ಬಿ ನೋಡು."

ಗೋಡೆಯ ಗೂಡಿನಲ್ಲಿ ಅಡುಗೆಮನೆಯ ಬಾಗಿಲ ಕಡೆಯಿಂದ ಎರಡನೆಯ ಡಬ್ಬಿ ತೆರೆದೆ. ಅವಲಕ್ಕಿ. "ಇದರಾಗ ಇಲ್ಲಬೇ."

"ಆ ಕಡಿಂದ ಯಾಕ ಎಣಸ್ತಿ? ಒಲಿ ಕಡಿಂದ ಎಣಸು. ನಾ ಯಾವತ್ತೂ ಒಲಿ ಕಡಿಂದಾನ..."

ನನ್ನ ಕೈಯಲ್ಲಿ ಡಬ್ಬಿಯ ಮುಚ್ಚಳ ಇತ್ತು. ಒಲೆಯ ಕಡೆಯಿಂದ ಎಣಿಸಿದರೆ ಆರನೆಯ ಮಷೀನು ಒಂದು, ಐದನೆಯದು ಎರಡು. ಅಂಕಿ ಬಾರದವಳು ಬಿಳಿ ಬಣ್ಣದ ಬರಹವನ್ನು ಹೇಗೆ ನೋಡಿಯಾಳು? ಆಕೆಯ ಲೋಕ ಒಲೆಯಿಂದ ಶುರುವಾಗುತ್ತಿತ್ತು. ಅಪ್ಪ ಆಕೆಗಾಗಿ ತಮ್ಮ ಅಂಕಿಗಳನ್ನೆಲ್ಲ ಮನಸ್ಸಿನಲ್ಲೇ ತಿರುಗಿಸಿಕೊಂಡಿದ್ದರು. ಶಿಸ್ತಿನ ಮನುಷ್ಯ ತಮ್ಮ ಶಿಸ್ತನ್ನು ಹೆಂಡತಿಯ ಒಲೆಯ ಮುಂದೆ ಬಿಟ್ಟುಕೊಟ್ಟಿದ್ದರು. ಎರಡು ತಟ್ಟಿದರೆ ಐದನೆಯದು. ಎರಡನೆಯದಕ್ಕೆ ತಟ್ಟಿದೆ ಎಂದು ನಾನು ಹೇಳಿದಾಗ, ನಾನು ಐದು ಸಲ ತಟ್ಟಿರಬೇಕು, ತಮ್ಮ ಕೈಗೆ ಎರಡೇ ತಾಗಿತು ಎಂದು ಅವರು ತಿಳಿದಿದ್ದರು. ಅವರ ಅಂಗೈ ಹೋಗಿರಲಿಲ್ಲ. ಅದು ಸರಿಯಾಗಿಯೇ ಓದಿತ್ತು.

"ಆವತ್ತ ಯಾಕ ಹೇಳಲಿಲ್ಲಬೇ?" ಎಂದೆ. "ಅಪ್ಪಗರ ಹೇಳಬೇಕಿತ್ತು."

"ಹೇಳಾಕ ಬಾಯಿ ತೆರೆದಿದ್ದೆ. ಹನ್ನೊಂದು ವರ್ಷದ ಕೂಸು ಇದ್ದಿ ನೀ. ಆರು ಮಷೀನು, ಅಪ್ಪನ ಮಾನ, ಎಲ್ಲಾ ನಿನ್ನ ತಲಿ ಮ್ಯಾಲ ಹ್ಯಾಂಗ ಹೊರಸಲಿ? ನಾಳೆ ಹೇಳಿದ್ರಾತು ಅಂದ್ಕೊಂಡೆ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆ ನಾಳೆ ಬರಲಿಲ್ಲ ನೋಡು."

ಅವ್ವ ಹೋಗಿ ಬಹಳ ವರ್ಷವಾಯಿತು. ನನ್ನ ಕಿವಿಗಳೂ ಈಗ ಹೋಗಿವೆ. ಅಪ್ಪನವು ಹೋದ ಹಾಗೆಯೇ, ಮೊದಲು ಗಂಟೆ, ಆಮೇಲೆ ಕೀಲಿ, ಕೊನೆಗೆ ಮನುಷ್ಯರು. ಹೋದ ತಿಂಗಳು ಮೊಮ್ಮಗಳು ನನಗೊಂದು ಕೀಬೋರ್ಡ್ ತಂದಳು. ಈಗಿನ ಚಪ್ಪಟೆ ಕೀಬೋರ್ಡುಗಳಲ್ಲಿ ಬೆರಳಿಗೆ ಏನೂ ತಾಗುವುದಿಲ್ಲ ಎಂದು ನಾನು ಗೊಣಗುತ್ತಿದ್ದೆನಲ್ಲ, ಇದರ ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗು ಇದೆಯಂತೆ, ಹಳೆಯ ಮಷೀನಿನ ಹಾಗೆ ಟಕ್ಕೆನ್ನುತ್ತದಂತೆ. ನನ್ನ ಎದುರು ಬಂದು, ಬಾಯಿ ಬಿಡಿಸಿ ಕೇಳಿದಳು: "ಹ್ಯಾಂಗೈತಿ ಅಜ್ಜಿ ಸೌಂಡು? ಓಣಿ ತುಂಬ ಕೇಳಾಕತ್ತೈತಿ!" ಸೊಸೆ ಪಕ್ಕದ ಕೋಣೆಯ ಬಾಗಿಲು ಹಾಕಿಕೊಂಡದ್ದು ಕಂಡಿತು. ಚೊಲೋ ಐತಿ ಅಂದೆ. ನನಗೆ ಏನೂ ಕೇಳಿಸಲಿಲ್ಲ. ಕೀಲಿ ಅರ್ಧ ಇಳಿಯುವವರೆಗೆ ಎದುರಾಡುತ್ತದೆ, ಆಮೇಲೆ ಸೋಲುತ್ತದೆ. ಆ ಜಾಗ ಮಾತ್ರ ಬೆರಳಿಗೆ ಸಿಕ್ಕಿತು.

ನನ್ನ ನೆನಪುಗಳ ಈ ಅಧ್ಯಾಯವನ್ನು ಅದರಲ್ಲಿಯೇ ಹೊಡೆಯುತ್ತಿದ್ದೇನೆ. ಬೆಳಿಗ್ಗೆ ಆರರಿಂದ ಏಳು, ದಿನವೂ, ಗೋಡೆಗೆ ಮುಖ ಮಾಡಿ. ಎಲ್ಲಿಯಾದರೂ ಎಡವಿದೆನೇನೋ ಎಂದು ಅನಿಸಿದಾಗ ಎಡಗೈಯ ಅಂಗೈಯನ್ನು ಗೋಡೆಗೆ ಊರಿ ಸ್ವಲ್ಪ ಹೊತ್ತು ಕಾಯುತ್ತೇನೆ. ಸಿಮೆಂಟಿನ ಗೋಡೆ, ತಣ್ಣಗಿದೆ. ತಟ್ಟು ಬರುವುದಿಲ್ಲ. ತಟ್ಟು ಬರದಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥ. ನಾನು ಕೈ ತೆಗೆದು ಮುಂದಿನ ಸಾಲಿಗೆ ಹೋಗುತ್ತೇನೆ.